ರಜಿಸ್ಟರಿನಲ್ಲಿ ಐದು ಮಕ್ಕಳು

ನನ್ನ ಅಕ್ಷರ ಚೆನ್ನಾಗಿತ್ತು. ಹೆಮ್ಮೆಗೆ ಹೇಳುವ ಮಾತಲ್ಲ. ಆ ಅಕ್ಷರದಿಂದ ಆದ ಅನಾಹುತವನ್ನು ಹೇಳಬೇಕಾದರೆ ಅಲ್ಲಿಂದಲೇ ಶುರುಮಾಡಬೇಕು. ತಿಕೋಟಾದ ಕನ್ನಡ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಸೇರಿದಾಗ ನನಗೆ ಇಪ್ಪತ್ತಮೂರು. ಅಲ್ಲಿದ್ದ ಮಾಸ್ತರರು ಬರೆದದ್ದು ಎಷ್ಟೋ ಸಲ ಅವರಿಗೇ ಓದಲು ಬರುತ್ತಿರಲಿಲ್ಲ. ನಾನು ಹಲಗೆಯ ಮೇಲೆ ವಾರಗಳ ಹೆಸರು ಬರೆದದ್ದನ್ನು ನೋಡಿದ ಹೆಡ್ ಮಾಸ್ತರರು, "ಅಕ್ಕೋರ, ಇನ್ನ ಮ್ಯಾಲೆ ದಾಖಲಾತಿ ರಜಿಸ್ಟರ ನೀವ ಬರೀರಿ. ನೋಡಾಕ ಬಂದ ಸಾಹೇಬ್ರಿಗೆ ಕಣ್ಣರ ತಂಪಾಗ್ಲಿ" ಎಂದರು. ಹೊಗಳಿಕೆಗೆ ಉಬ್ಬಿಹೋದೆ. ಮರುದಿನದಿಂದ ಆ ದಪ್ಪ ರಜಿಸ್ಟರು ನನ್ನ ಮೇಜಿನ ಮೇಲೆ ಬಂದು ಕೂತಿತು.

ನಮ್ಮ ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಆಗ ಎಲ್ಲರ ಬಾಯಲ್ಲೂ ಅದು ವಿಜಾಪುರ. ಗಂಡ ಒಂದು ಕಚೇರಿಯಲ್ಲಿ ಕಾರಕೂನ, ಮನೆಯಲ್ಲಿ ಅತ್ತೆ, ನಾನು ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ ಹುಟ್ಟಿದ ಒಬ್ಬಳು ಮಗಳು. ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಮುಂಜಾನೆಯ ಬಸ್ಸಿಗೆ ತಿಕೋಟಾಕ್ಕೆ ಹೋಗಿ ಸಂಜೆ ಬರುತ್ತಿದ್ದೆ.

ಜೂನ್ ತಿಂಗಳಲ್ಲಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಕೆಲಸ. ರಜಿಸ್ಟರಿನಲ್ಲಿ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರಿಗೆ ಒಂದು ಕಾಲಂ ಇತ್ತು. ಆದರೆ ನಮ್ಮ ಶಾಲೆಯಲ್ಲಿ ಯಾರೂ "ತಂದಿ ಯಾರು" ಎಂದು ಕೇಳುತ್ತಿರಲಿಲ್ಲ. "ಮನಿ ಹಿರ್ಯಾ ಯಾರು?" ಎಂದು ಕೇಳುವುದು ರೂಢಿ. ಮಗು ನಾಲ್ಕು ದಿನ ತಪ್ಪಿಸಿಕೊಂಡರೆ ಜವಾಬು ಕೊಡುವವನು ಹಿರಿಯ, ಪಾಟಿ ಪುಸ್ತಕ ಕೊಡಿಸುವವನು ಹಿರಿಯ, ಶಾಲೆ ಬಿಡಿಸುವವನೂ ಅವನೇ. ಕೂಡಿದ ಮನೆಗಳಲ್ಲಿ ತಮ್ಮಂದಿರ ಮಕ್ಕಳೆಲ್ಲ ಅಣ್ಣನ ಹೆಸರಿಗೇ ಬರುತ್ತಿದ್ದರು. ತಮ್ಮನ ಹೆಸರು ಹೇಳಿದರೆ ಅಣ್ಣನಿಗೆ ಅವಮಾನ. ಹಳೆಯ ಮಾಸ್ತರರು ಹಾಗೆ ಬರೆಯುತ್ತ ಬಂದಿದ್ದರು, ನಾನೂ ಬರೆದೆ. ಚಂದ ಬರೆದೆ.

ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ತವರ ಸವರಿ ಕಲಾಯಿ ಹಾಕುವವನೊಬ್ಬ ಆ ಊರಲ್ಲಿದ್ದ. ಮುಸಲ್ಮಾನರ ಮನೆತನ, ತಲೆಮಾರುಗಳಿಂದ ಅದೇ ಕಸಬು. ಸೈಕಲ್ಲಿನ ಹಿಂದೆ ತಿದಿ, ಇದ್ದಿಲಿನ ಚೀಲ, ತವರದ ಕಡ್ಡಿ ಕಟ್ಟಿಕೊಂಡು ಬಬಲೇಶ್ವರ, ಜೈನಾಪುರ, ಕನಮಡಿ ಎಂದು ಊರೂರು ತಿರುಗುತ್ತಿದ್ದ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಇಬ್ಬರು ತಮ್ಮಂದಿರನ್ನು ಸಾಕಿ, ಮದುವೆ ಮಾಡಿಸಿದವನು ಅವನೇ. ತಮ್ಮಂದಿರ ಮಕ್ಕಳು ಒಟ್ಟು ಐದು. ಒಂದೊಂದೇ ಮಗುವನ್ನು ಸೈಕಲ್ಲಿನ ಬಾರಿನ ಮೇಲೆ ಕೂಡಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿ, "ಬರಕೋರಿ ಅಕ್ಕೋರ. ನಮ್ಮ ಗಿರಾಕಿಗೋಳೆಲ್ಲ ಕನ್ನಡ ಮಂದಿ, ಹುಡುಗ್ರೂ ಕನ್ನಡಾನ ಕಲೀಲಿ" ಎನ್ನುತ್ತಿದ್ದ. ಮನಿ ಹಿರ್ಯಾ ಯಾರು ಎಂದು ಕೇಳಿದರೆ ಎದೆ ತಟ್ಟಿಕೊಳ್ಳುತ್ತಿದ್ದ. ನಾಲ್ಕು ವರ್ಷಗಳಲ್ಲಿ ಐದೂ ಮಕ್ಕಳು ಅವನ ಹೆಸರಿಗೆ ಬಂದರು.

ಅವನಿಗೆ ಮದುವೆಯಾಗಿ ಹದಿಮೂರು ವರ್ಷವಾಗಿತ್ತು. ಸ್ವಂತದ್ದು ಒಂದೂ ಮಗು ಇರಲಿಲ್ಲ. ಇದು ಇಡೀ ಊರಿಗೆ ಗೊತ್ತು, ನನಗೂ ಗೊತ್ತು. ಅವನ ಹೆಂಡತಿ ಹೋಗದ ದರ್ಗಾ ಇಲ್ಲ, ಕಟ್ಟಿಸಿಕೊಳ್ಳದ ತಾಯಿತ ಇಲ್ಲ. ವಿಜಯಪುರದಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದರೆ ಹೇಗೆ ಎಂದು ನನ್ನನ್ನೇ ಒಮ್ಮೆ ಕೇಳಿದ್ದಳು. ಕರೆದುಕೊಂಡು ಹೋಗಿದ್ದೆ. ಇಬ್ಬರಲ್ಲೂ ದೋಷವಿಲ್ಲ, ಕಾಯಬೇಕು ಎಂದು ಅವರು ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಕಾಯುತ್ತಿದ್ದಳು.

ಎಪ್ಪತ್ತಾರನೆಯ ಇಸವಿ ಬಂತು. ತುರ್ತು ಪರಿಸ್ಥಿತಿ ಆಗಲೇ ಒಂದು ವರ್ಷ ಹಳೆಯದು. ಮೊದಲು ಅದು ಪೇಪರಿನ ಸುದ್ದಿಯಾಗಿತ್ತು, ರೈಲು ಸರಿಯಾದ ವೇಳೆಗೆ ಬರುತ್ತದೆ ಎಂದು ನಮ್ಮ ಓಣಿಯವರು ಖುಷಿಪಟ್ಟಿದ್ದರು. ಮಳೆಗಾಲ ಕಳೆದ ಮೇಲೆ ಶಿಕ್ಷಕರನ್ನೆಲ್ಲ ವಿಜಯಪುರಕ್ಕೆ ಕರೆಸಿ ಒಂದು ಸಭೆ ಮಾಡಿದರು. ಬೆಂಗಳೂರು ಕಡೆಯ ಮಾತಿನ ಒಬ್ಬ ಅಧಿಕಾರಿ ಎದ್ದು ನಿಂತು, ಪ್ರತಿಯೊಬ್ಬ ಶಿಕ್ಷಕರೂ ಎರಡು ಕೇಸು ತರಬೇಕು ಎಂದರು. ಕೇಸು ಎಂದರೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳುವ ಮನುಷ್ಯ.

"ಕೇಸ್ ತರದೇ ಇರೋರು ಸಂಬಳ ಕೇಳೋಕೆ ಬರಬೇಡಿ. ಎಲ್ಲಿಗೆ ವರ್ಗ ಆಗುತ್ತೆ ಅಂತಲೂ ಕೇಳಬೇಡಿ" ಎಂದರು.

 ಕುಟುಂಬ ಯೋಜನೆಯ ಬಗ್ಗೆ ನನಗೇನೂ ಸಿಟ್ಟಿರಲಿಲ್ಲ. ಸಾಲು ಸಾಲು ಹೆತ್ತು ನೆಲ ಹಿಡಿದ ಹೆಂಗಸರನ್ನು ನಾನು ನೋಡಿದ್ದೆ. ಒಬ್ಬಳು ಮಗಳಾದ ಮೇಲೆ ನಾಲ್ಕು ವರ್ಷ ಬಿಟ್ಟೇ ಮುಂದಿನದು ಎಂದು ಅತ್ತೆಗೆ ಮುಖಕ್ಕೆ ಹೇಳಿದ್ದೆ. ಆದರೆ ಅದು ನಾನು ಹೇಳಿದ್ದು, ನನ್ನ ಮೈಯ ಬಗ್ಗೆ. ಅದೇ ಮಾತನ್ನು ಈಗ ಜೀಪಿನಲ್ಲಿ ಕೂತವರು ಬಂದು ಹೇಳುತ್ತಿದ್ದರು. ಇದು ನಮ್ಮ ಮೈ, ನೀವ್ಯಾರು ಎಂದು ಕೇಳುವ ಧೈರ್ಯ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ. ನಾನು ಮೊದಲಿನಿಂದಲೂ ಪುಕ್ಕಲಿ. ಬಾಯಿ ಜೋರು, ಎದೆ ಇಲ್ಲ.

ಆಮೇಲಿನ ತಿಂಗಳುಗಳಲ್ಲಿ ಜೀಪಿನ ಸದ್ದು ಕೇಳಿದರೆ ಗದ್ದಲದ ಓಣಿ ಕ್ಷಣದಲ್ಲಿ ಬರಿದಾಗುತ್ತಿತ್ತು. ತಿಕೋಟಾದ ಬಸ್ಸಿನಲ್ಲಿ ಮುಂದೆ ದೂರದಲ್ಲಿ ಜೀಪು ನಿಂತದ್ದು ಕಂಡರೆ ಗಂಡಸರು ಕಂಡಕ್ಟರನಿಗೆ ಗಂಟೆ ಹೊಡೆಯಲು ಹೇಳಿ, ನಿಲ್ಲುವ ಮೊದಲೇ ಜಿಗಿದು ಜೋಳದ ಹೊಲದಲ್ಲಿ ಮಾಯವಾಗುತ್ತಿದ್ದರು. ಶಾಲೆಗೆ ದೇವಿ ಹಾಕುವವರು, ಅಂದರೆ ಸಿಡುಬಿನ ಚುಚ್ಚುಮದ್ದಿನವರು, ಹಿಂದೆಲ್ಲ ಬಂದರೆ ಮಕ್ಕಳು ಅಳುತ್ತಲೇ ತೋಳು ಚಾಚುತ್ತಿದ್ದವು. ಈಗ ಔಷಧದ ಪೆಟ್ಟಿಗೆ ಹಿಡಿದ ಯಾರೇ ಬಾಗಿಲಲ್ಲಿ ಕಂಡರೂ ಇಡೀ ತರಗತಿ ಕಿಟಕಿಯಿಂದ ಹಾರುತ್ತಿತ್ತು. ಮುಂದೆ ಮಕ್ಕಳಾಗದಂತೆ ಮಾಡುವ ಸೂಜಿಯನ್ನು ಹುಡುಗರಿಗೂ ಚುಚ್ಚುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಕನಮಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಬಚಾವು ಎಂದು ಕೆಲವರು ಹೋದರು. ಅಲ್ಲಿ ಇನ್ನೂ ಬಿರುಸು ಎಂದು ಹೇಳುತ್ತ ಓಡಿ ಬಂದರು.

ನನ್ನ ಮನೆಯಲ್ಲೂ ಬೇರೆಯೇನಿರಲಿಲ್ಲ. ಗಂಡ ಕಚೇರಿಯಿಂದ ಬರುವುದು ಹತ್ತು ನಿಮಿಷ ತಡವಾದರೆ ಅತ್ತೆ ಹೊಸ್ತಿಲಲ್ಲಿ ಕೂತು, "ನನ್ನ ಮಗನ್ನ ಎಲ್ಲೆರ ಹಿಡಕೊಂಡ ಹೋದ್ರೇನಬೇ? ಒಂದ ಹೆಣ್ಣ ಐತಿ ಮನ್ಯಾಗ, ಒಂದ" ಎಂದು ಬೆರಳೆತ್ತಿ ನನಗೆ ತೋರಿಸುತ್ತಿದ್ದಳು. ನಾನೇ ಹಿಡಿದು ಕೊಟ್ಟಂತೆ. ನಾನು ಗದರುತ್ತಿದ್ದೆ. ಗದರಿ ಒಳಗೆ ಹೋಗಿ ನಾನೂ ಕಿಟಕಿಯಿಂದ ಇಣುಕುತ್ತಿದ್ದೆ.

ಎರಡು ಕೇಸಿಗಾಗಿ ಮೂರು ವಾರ ಮನೆಮನೆ ತಿರುಗಿದೆ. ಕೈಚೀಲ ಹಿಡಿದ ನನ್ನನ್ನು ಕಂಡು ಜನ ಬಾಗಿಲು ಹಾಕಿಕೊಂಡದ್ದು ಆಗಲೇ ಮೊದಲು. ನಿನ್ನೆಯವರೆಗೆ ಮಜ್ಜಿಗೆ ಕುಡಿದು ಹೋಗ್ರಿ ಎನ್ನುತ್ತಿದ್ದವರು. ನನಗೆ ಸಿಟ್ಟು ಬಂತು, ನಾಚಿಕೆಯೂ ಬಂತು. ಒಂದು ಕೇಸೂ ಸಿಗಲಿಲ್ಲ.

ಆಗ ಹೆಡ್ ಮಾಸ್ತರರಿಗೆ ಮೇಲಿನಿಂದ ಒಂದು ಕಾಗದ ಬಂತು. ಶಾಲೆಯ ದಾಖಲೆಯಿಂದ ಮೂರಕ್ಕಿಂತ ಹೆಚ್ಚು ಮಕ್ಕಳಿರುವ ತಂದೆಯರ ಪಟ್ಟಿ ಮಾಡಿ ಕಳಿಸಬೇಕು. ಅವರು ರಜಿಸ್ಟರನ್ನೂ ಎರಡು ಹಾಳೆಯನ್ನೂ ನನ್ನ ಮುಂದಿಟ್ಟು, "ನಿಮ್ಮ ಅಕ್ಷರದಾಗ ಹೋಗ್ಲಿ" ಎಂದರು.

ನಾನು ಬರೆಯುತ್ತ ಹೋದೆ. ಕಲಾಯಿಯವನ ಹೆಸರು ಬಂತು. ಮುಂದೆ ಐದು ಮಕ್ಕಳು. ಪೆನ್ನು ನಿಂತಿತು. ನಿಂತದ್ದು ನನಗೆ ಚೆನ್ನಾಗಿ ನೆನಪಿದೆ; ಮರೆತೆ, ಅವಸರದಲ್ಲಿ ಆಯಿತು ಎಂದು ಹೇಳಿಕೊಂಡು ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ. ತಲೆಯೆತ್ತಿ ನೋಡಿದೆ. ಹೆಡ್ ಮಾಸ್ತರರು ಎದುರಿಗೇ ಕೂತು ನಶ್ಯ ಏರಿಸುತ್ತಿದ್ದರು. ಇವನ ಹೆಸರು ಬಿಡುತ್ತೇನೆ ಎಂದರೆ ಯಾಕೆ ಎಂದು ಕೇಳುತ್ತಾರೆ. ರಜಿಸ್ಟರು ತಪ್ಪು ಎಂದರೆ ಬರೆದವಳು ಯಾರು ಎಂದು ಕೇಳುತ್ತಾರೆ. ಇಂಥದ್ದನ್ನು ಅಲ್ಲಿ ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ, ಅವನೇ ಹೇಳಿಕೊಳ್ಳುತ್ತಾನೆ, ಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬರೆದು ಮುಗಿಸಿ ಸಹಿಗೆ ಕೊಟ್ಟೆ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಬಬಲೇಶ್ವರದ ಸಂತೆ. ಜೀಪು ಮುಂಜಾನೆ ತಿಕೋಟಾದ ಕಲಾಯಿಯವನ ಮನೆಗೆ ಹೋಯಿತು. ಅಂಗಳದಲ್ಲಿ ಆಡುತ್ತಿದ್ದ ಎರಡನೆಯ ತರಗತಿಯ ಹುಡುಗಿ, ಅವನ ತಮ್ಮನ ಮಗಳು, ಸಾಹೇಬರು ಕೇಳಿದರೆಂದು ಉತ್ಸಾಹದಿಂದ, "ಬಬಲೇಶ್ವರ ಸಂತ್ಯಾಗ ಕುಂತಿರ್ತಾನ್ರಿ" ಎಂದು ದಾರಿ ಹೇಳಿಕೊಟ್ಟಳು. ಸಂತೆಯಲ್ಲಿ ಅವನು ಬೆಂಕಿಯ ಮುಂದೆ ಕೂತು ಒಂದು ಹಂಡೆಯ ಒಳಗೆ ತವರ ಸವರುತ್ತಿದ್ದನಂತೆ. ಹಾಗೇ ಎಬ್ಬಿಸಿ ಜೀಪಿಗೆ ಹಾಕಿದರು. ಪಾತ್ರೆ ಕೊಟ್ಟು ನಿಂತಿದ್ದ ಜೈನಾಪುರದ ರೈತನೊಬ್ಬ ಅಲ್ಲೇ ಬಸ್ಸು ಹತ್ತಿ ಬಂದು ಅವನ ಹೆಂಡತಿಗೆ ಸುದ್ದಿ ಮುಟ್ಟಿಸಿದ.

ನಾನು ಮಗ್ಗಿ ಹೇಳಿಸುತ್ತಿದ್ದೆ. ಅವಳು ತರಗತಿಯ ಬಾಗಿಲಲ್ಲಿ ಬಂದು ನಿಂತಳು. ಕೈಗೆ ಹಿಟ್ಟು ಹತ್ತಿ ಒಣಗಿತ್ತು. ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಕ್ಕೋರ, ನಮ್ಮ ಮನಿಯವ್ರನ್ನ ವಿಜಾಪುರಕ್ಕ ಒಯ್ದಾರ್ರಿ. ಸಾಲಿ ಪಟ್ಟ್ಯಾಗ ಐದ ಮಕ್ಕಳ ಅದಾವಂತ ಒಯ್ದಾರ. ನನ್ನ ಹೊಟ್ಟೀಲೆ ಒಂದರ ಹುಟ್ಟೈತೇನ್ರಿ? ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತಿ" ಎಂದೆ.

"ಮತ್ತ ಬರ್ರಿ. ಬಂದ ಅಷ್ಟ ಹೇಳ್ರಿ. ನಾ ಹೇಳಿದ್ರ ಯಾರ ಕೇಳ್ತಾರ?"

ಹೆಡ್ ಮಾಸ್ತರರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ, ನನ್ನನ್ನು ಮಗಳಂತೆ ನಡೆಸಿಕೊಂಡವರು. ದನಿ ತಗ್ಗಿಸಿ ಹೇಳಿದರು: "ಹುಚ್ಚರಂಗ ಮಾಡಬ್ಯಾಡ್ರಿ. ಅವನ ಹೆಸರ ನಿಮ್ಮ ಕೇಸಿನ್ಯಾಗ ಹಚ್ಚೇನಿ. ಸಣ್ಣ ಕೂಸಿನ ತಾಯಿ, ಎಲ್ಲಿ ತಿರಗ್ತೀರಿ ಅಂತ ನಾನ ಹಚ್ಚೇನಿ. ಈಗ ಹೋಗಿ ರಜಿಸ್ಟರ ಸುಳ್ಳ ಅಂದ್ರ ಪಟ್ಟೀನ ಸುಳ್ಳ ಅಕ್ಕೈತಿ. ನಿಮ್ಮ ನೌಕರೀನೂ ಹೋಗ್ತೈತಿ, ನನ್ನದೂ ಹೋಗ್ತೈತಿ."

 ಅವನು ನನ್ನ ಕೇಸು. ನಾನು ಬೇಡವೆಂದರೂ ನನ್ನ ಪಾಲಿಗೆ ಬರೆದುಬಿಟ್ಟಿದ್ದರು. ಸುಮ್ಮನೆ ತರಗತಿಗೆ ಮರಳಿ ಹದಿಮೂರರ ಮಗ್ಗಿ ಮುಂದುವರಿಸಿದರೆ ನನ್ನ ಸಂಬಳ, ನನ್ನ ಶಾಲೆ, ನನ್ನ ಸಂಜೆಯ ಬಸ್ಸು ಎಲ್ಲ ಇದ್ದಂತೆಯೇ ಇರುತ್ತಿತ್ತು. ಹೋಗಬಾರದು ಎಂದೇ ಮನಸ್ಸಿಗೆ ಬಂತು. ಹೊರಗೆ ಬಂದರೆ ಅವಳು ಕಂಬಕ್ಕೆ ಆತು ನಿಂತಿದ್ದಳು, ನನ್ನ ಚಪ್ಪಲಿಗಳನ್ನು ಮೆಟ್ಟಿಲ ಕಡೆಗೆ ತಿರುಗಿಸಿ ಇಟ್ಟಿದ್ದಳು. ಕಾಲು ತೂರಿಸಿದೆ. ಅಷ್ಟೇ ನಾನು ಮಾಡಿದ ನಿರ್ಧಾರ.

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಸರಳನ್ನು ಹಿಡಿದು ಕೂತಿದ್ದಳು.  ಒಂದು ನಿಜ ಹೇಳುತ್ತೇನೆ: ಬಸ್ಸು ಕೆಟ್ಟು ನಿಲ್ಲಲಿ ಎಂದು ನಾನು ದೇವರಿಗೆ ಬೇಡಿಕೊಂಡೆ. ತಡವಾಯಿತು, ಏನು ಮಾಡುವುದು ಎಂದು ಹೇಳಿ ಮನೆಗೆ ಹೋಗಬಹುದಿತ್ತು. ಬಸ್ಸು ಸರಿಯಾದ ವೇಳೆಗೆ ಮುಟ್ಟಿತು.

ಶಿಬಿರ ನಡೆದದ್ದು ಊರೊಳಗಿನ ಒಂದು ಕಟ್ಟಡದಲ್ಲಿ. ಬಾಗಿಲಲ್ಲಿ ಪೊಲೀಸರು, ಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ದೊಡ್ಡ ಚಿತ್ರ. ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಹತ್ತಿಪ್ಪತ್ತು ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ಕಲಾಯಿಯವನ ಹೆಂಡತಿಯನ್ನೂ ಅಲ್ಲೇ ತಡೆದರು. ನನ್ನನ್ನೂ ತಡೆದಾಗ ಬಾಯಿಂದ ತಾನೇ ಬಂತು: "ನಾ ಸಾಲಿ ಟೀಚರು. ಒಳಗ ನನ್ನ ಕೇಸ ಐತಿ." ಪೊಲೀಸನು ಗೌರವದಿಂದ ದಾರಿ ಬಿಟ್ಟ. ಆ ಗೌರವ ಇವತ್ತಿಗೂ ನನ್ನ ಮೈಗೆ ಅಂಟಿಕೊಂಡಿದೆ.

ಒಳಗೆ ಉದ್ದ ಬೆಂಚುಗಳ ಮೇಲೆ ಗಂಡಸರು ಸಾಲಾಗಿ ಕೂತಿದ್ದರು. ಫಿನೈಲಿನ ವಾಸನೆ. ಅಷ್ಟು ಗಂಡಸರು ಒಂದೆಡೆ ಸೇರಿದರೂ ಸದ್ದೇ ಇಲ್ಲದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ. ಒಬ್ಬ ಮುದುಕ ತಲೆಗೆ ಸುತ್ತಿದ್ದ ಪಟಕ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಮೇಜಿನ ಹಿಂದೆ ಸಭೆಯಲ್ಲಿ ಮಾತಾಡಿದ ಅದೇ ಅಧಿಕಾರಿ, ಒಳಬಾಗಿಲಲ್ಲಿ ವಯಸ್ಸಾದ ಡಾಕ್ಟರು. ಮೇಜಿನ ಮುಂದೆ ನಮ್ಮ ಕಲಾಯಿಯವನು ನಿಂತಿದ್ದ. ಬೆರಳುಗಳು ಮಸಿಯಿಂದ ಕಪ್ಪಗಿದ್ದವು. ನನ್ನನ್ನು ನೋಡಿ ಅವನ ಮುಖದಲ್ಲಿ ಆಸೆ ಕಂಡಿತು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ಅವು ನನ್ನ ತಮ್ಮಂದಿರ ಮಕ್ಕಳ್ರಿ ಸಾಹೇಬ್ರ" ಎನ್ನುತ್ತಿದ್ದ.

"ಬೆಳಗ್ಗೆಯಿಂದ ಎಲ್ಲರದ್ದೂ ಇದೇ ಹಾಡು" ಎಂದರು ಅಧಿಕಾರಿ. ಪಟ್ಟಿಯನ್ನು ಎದುರಿಗೆ ಎಳೆದುಕೊಂಡರು. ನನ್ನ ಪಟ್ಟಿ. ಅಕ್ಷರಗಳು ಮುತ್ತು ಪೋಣಿಸಿದಂತೆ. "ಸರಿ, ನಿನ್ನವಲ್ಲ ಅಂದ್ರೆ ಹೇಳು. ಮಕ್ಕಳ ಹೆಸರೇನು? ಯಾವಾಗ ಹುಟ್ಟಿದ್ದು?"

ನನ್ನವಲ್ಲ, ನನಗೇನು ಗೊತ್ತು ಎಂದಿದ್ದರೆ ಉಳಿಯುತ್ತಿದ್ದನೇನೋ. ಅವನಿಗೆ ಅದು ಹೊಳೆಯಲಿಲ್ಲ. ಐವರ ಹೆಸರನ್ನೂ ಹುಟ್ಟಿದ ಕ್ರಮದಲ್ಲಿ ಹೇಳಿದ. ಯಾವುದು ರಮಜಾನಿನಲ್ಲಿ ಹುಟ್ಟಿದ್ದು, ಯಾವುದು ಸುಗ್ಗಿಯಲ್ಲಿ, ಯಾರಿಗೆ ಎರಡು ವರ್ಷಕ್ಕೆ ಮಾತು ಬಂತು, ಯಾರಿಗೆ ಬೆಲ್ಲ ಕೊಟ್ಟರೆ ಹೊಟ್ಟೆ ನೋಯುತ್ತದೆ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಹೆದರಿಕೆಯನ್ನೇ ಮರೆತಂತೆ ಒಂದು ಕ್ಷಣ ನಕ್ಕ. ತಮ್ಮಂದಿರನ್ನು ತಂದು ನಿಲ್ಲಿಸಿ ಕೇಳಿದ್ದರೆ ಅವರಿಗೆ ಅರ್ಧವೂ ಬರುತ್ತಿರಲಿಲ್ಲ.

ಅಧಿಕಾರಿ ಡಾಕ್ಟರ ಕಡೆ ತಿರುಗಿ, "ಇಷ್ಟೆಲ್ಲ ಗೊತ್ತಿರೋನು ಅಪ್ಪ ಅಲ್ದೆ ಇನ್ಯಾರು? ಒಳಗೆ ಕಳಿಸಿ" ಎಂದರು. ಆಮೇಲೆ ನನ್ನನ್ನು ನೋಡಿ, ಯಾವ ಶಾಲೆಯವಳೆಂದು ವಿಚಾರಿಸಿ, "ಈ ಪಟ್ಟಿ ಬರೆದಿದ್ದು ನೀವೇ ಅಲ್ವಾ?" ಎಂದು ಕೇಳಿದರು.

"ಹೌದ್ರಿ" ಎಂದೆ.

"ರಿಜಿಸ್ಟರ್ ಪ್ರಕಾರ ತಾನೆ?"

"ಹೌದ್ರಿ."

ಎರಡೂ ನಿಜವೇ. ಅಲ್ಲಿಗೆ ನಾನು ಸುಮ್ಮನಾದೆ. ಎಷ್ಟು ಹೊತ್ತು ಸುಮ್ಮನಿದ್ದೆನೋ ತಿಳಿಯದು. ಒಬ್ಬ ಪೇದೆ ಬಂದು ಅವನ ರಟ್ಟೆ ಹಿಡಿದು ಒಳಬಾಗಿಲವರೆಗೆ ಒಯ್ಯುವಷ್ಟು ಹೊತ್ತು.  ಕಣ್ಣ ಮುಂದೆ ನನ್ನ ಮಗಳು ಬಂದಳು, ಅತ್ತೆಯ ಎತ್ತಿದ ಬೆರಳು ಬಂತು. ನಮ್ಮ ಮನೆಯಲ್ಲಿ ಒಂದಾದರೂ ಇತ್ತು. ಹೊರಗೆ ಬೇವಿನ ಗಿಡದ ಕೆಳಗೆ ಕೂತವಳಿಗೆ ಅದೂ ಇರಲಿಲ್ಲ, ಇನ್ನು ಹತ್ತು ನಿಮಿಷಕ್ಕೆ ಕಾಯುವುದಕ್ಕೂ ಏನೂ ಉಳಿಯುವುದಿಲ್ಲ.

"ಈ ಮನುಷ್ಯಾಗ ಮಕ್ಕಳಿಲ್ರಿ" ಎಂದೆ.  "ಒಂದೂ ಇಲ್ಲ. ತಮ್ಮಂದಿರ ಮಕ್ಕಳನ್ನ ಇವನ ಹೆಸರಿಗಿ ಬರದಾಕಿ ನಾನು. ತಂದಿ ಯಾರಂತ ನಾ ಕೇಳೇ ಇಲ್ರಿ."

ಕೋಣೆಯಲ್ಲಿ ಎಲ್ಲರೂ ನನ್ನತ್ತ ನೋಡಿದರು. ಅಧಿಕಾರಿಯ ಮುಖ ಕೆಂಪಗಾಯಿತು. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದರೆ ಏನಾಗುತ್ತದೆ ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ, ಜೈಲು ಎಂದುಕೊಂಡೆ. ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿ, ಈಗ ಹೇಳಿದ್ದನ್ನು ಬರೆದು ಸಹಿ ಮಾಡಿ ಎಂದರು. ಬರೆದೆ. ಸದರಿ ವ್ಯಕ್ತಿಗೆ ಸ್ವಂತ ಮಕ್ಕಳಿಲ್ಲ, ರಜಿಸ್ಟರಿನಲ್ಲಿ ತಪ್ಪು ಬರೆದವಳು ನಾನು ಎಂದು. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಅಕ್ಷರ ಬರೆದದ್ದು ಅದೊಂದೇ ಸಲ. ಡಾಕ್ಟರು ಆ ಹಾಳೆಯನ್ನು ತೆಗೆದುಕೊಂಡು ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಒಂದೂ ಮಗು ಇಲ್ಲದವಗ ನಾ ಮಾಡಂಗಿಲ್ರಿ. ಕಳಸ್ರಿ ಅವನ್ನ" ಎಂದರು. ದಣಿದ ದನಿ. ಆ ಮನುಷ್ಯರ ಮುಖವನ್ನು ನಾನು ಮರೆತಿಲ್ಲ.

"ಹಾಗಾದ್ರೆ ನಿಮ್ಮ ಕೇಸು?" ಎಂದರು ಅಧಿಕಾರಿ.

"ಇಲ್ರಿ."

"ನೋಡ್ಕೋತೀನಿ" ಎಂದು ಪಟ್ಟಿಯ ಕಡೆ ತಿರುಗಿದರು.

ನಾವು ಹೊರಡುವಾಗ ಪಟಕದ ಮುದುಕನನ್ನು ಎಬ್ಬಿಸುತ್ತಿದ್ದರು. ಅವನಿಗೆ ಎಷ್ಟು ಮಕ್ಕಳು, ಅವನ ಹೆಸರನ್ನು ಬರೆದವರು ಯಾರು ಎಂದು ನಾನು ಕೇಳಲಿಲ್ಲ. ನನ್ನ ಧೈರ್ಯವೆಲ್ಲ ಒಬ್ಬನಿಗೇ ಮುಗಿದಿತ್ತು.

ಬಸ್ ನಿಲ್ದಾಣದವರೆಗೆ ಅವನು ನಮಗಿಂತ ಮೂರು ಹೆಜ್ಜೆ ಮುಂದೆ ನಡೆದ. ಹೆಂಡತಿ ಅವನ ಅಂಗಿಯ ಚುಂಗು ಹಿಡಿದುಕೊಂಡಿದ್ದಳು. ಧನ್ಯವಾದ ಹೇಳುತ್ತಾನೆ ಎಂದು ನಾನು ಕಾಯುತ್ತಿದ್ದೆ, ನಾಚಿಕೆಯಿಲ್ಲದೆ. ತಿಕೋಟಾದ ಬಸ್ಸು ಬಂದಾಗ ಹಿಂತಿರುಗಿ ನೋಡಿ, "ಅಕ್ಕೋರ, ಆ ರಜಿಸ್ಟರದಾಗಿಂದ ನನ್ನ ಹೆಸರ ತಗದಬಿಡ್ರಿ" ಎಂದ. ತೆಗೆಯುತ್ತೇನೆ ಎಂದೆ.

ತೆಗೆಯಲಾಗಲಿಲ್ಲ. ದಾಖಲಾತಿ ರಜಿಸ್ಟರಿನಲ್ಲಿ ಒಂದು ಅಕ್ಷರ ತಿದ್ದಬೇಕಾದರೂ ಮೇಲಿನವರ ಅಪ್ಪಣೆ ಬೇಕು. ಆ ದಿನಗಳಲ್ಲಿ ಅಪ್ಪಣೆ ಕೇಳುವುದೆಂದರೆ ಅವನ ಹೆಸರನ್ನು ಮತ್ತೆ ಅವರ ಮೇಜಿನ ಮೇಲೆ ಇಟ್ಟಂತೆ. ಮರುದಿನದಿಂದ ಐದೂ ಮಕ್ಕಳು ಶಾಲೆಗೆ ಬರಲಿಲ್ಲ.  ನನಗೆ ನೋಟೀಸು ಬಂತು, ಸಂಬಳ ನಿಂತಿತು. ಅತ್ತೆ ತಿಂಗಳುಗಟ್ಟಲೆ ಮಾತು ಬಿಟ್ಟಳು. ಪ್ರತಿದಿನ ಅಂಚೆಯವನು ಓಣಿಗೆ ಬಂದಾಗಲೂ ಮುಂದಿನ ಕಾಗದ ಯಾವುದೋ ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅಷ್ಟರಲ್ಲಿ ಚುನಾವಣೆ ಬಂತು, ಸರ್ಕಾರ ಬಿತ್ತು, ಜೀಪುಗಳು ಕಾಣದಾದವು. ನನ್ನ ಸಂಬಳ ಮತ್ತೆ ಬಂತು, ನಾನು ಬರೆದುಕೊಟ್ಟ ಹಾಳೆಯ ವಿಷಯ ಯಾರೂ ಎತ್ತಲಿಲ್ಲ. ತಪ್ಪಾಯಿತು ಎಂದೂ ಯಾರೂ ಹೇಳಲಿಲ್ಲ. ಅಧಿಕಾರಿಗೆ ಬಡ್ತಿಯಾಯಿತು ಎಂದು ಕೇಳಿದೆ.

ಮಕ್ಕಳಲ್ಲಿ ಮೂವರು ಶಾಲೆಗೆ ಮರಳಿದರು. ಕರೆತಂದವರು ಅವರವರ ಅಪ್ಪಂದಿರು. ಕಲಾಯಿಯವನು ಮಾತ್ರ ಶಾಲೆಯ ಕಡೆ ಮತ್ತೆ ಬರಲಿಲ್ಲ. ಎದುರಾದರೆ ಸೈಕಲ್ಲಿನಿಂದ ಇಳಿದು ಸಲಾಮು ಮಾಡುತ್ತಿದ್ದ, ನಿಲ್ಲುತ್ತಿರಲಿಲ್ಲ. ಎಪ್ಪತ್ತೆಂಟರಲ್ಲಿ ಒಂದು ದಿನ ಹೆಡ್ ಮಾಸ್ತರರೇ ಬಂದು, ಕಲಾಯಿಯವನ ಮನೆಯಲ್ಲಿ ಗಂಡು ಮಗುವಾಗಿದೆಯಂತೆ ಎಂದು ಹೇಳಿದರು. ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತು. ನಾನು ಆ ದಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಊರು ಮುಟ್ಟುವವರೆಗೂ ಅತ್ತೆ. ಅವರ ಮನೆಗೆ ಹೋಗಿ ಮಗುವನ್ನು ನೋಡುವ ಧೈರ್ಯವಾಗಲಿಲ್ಲ. ಕರೆದೂ ಇರಲಿಲ್ಲ.

ಮುಂದಿನ ವರ್ಷ ಚಳಿಗಾಲದಲ್ಲಿ ತಿಕೋಟಾದಲ್ಲಿ ನಾಯಿಕೆಮ್ಮು ಕಾಣಿಸಿಕೊಂಡಿತು. ಸಣ್ಣ ಮಕ್ಕಳು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದವು. ಕೆಮ್ಮು ಇನ್ನೂ ಹತ್ತದ ಕೂಸುಗಳಿಗಾದರೂ ಹಾಕೋಣವೆಂದು ಒಬ್ಬ ನರ್ಸಬಾಯಿ ಸೂಜಿಯ ಪೆಟ್ಟಿಗೆ ಹಿಡಿದು ಬಂದಳು. ಇಪ್ಪತ್ತರ ಹುಡುಗಿ, ನಗುಮುಖ. ಊರಿನವರ ಪರಿಚಯವಿದೆ ಎಂದು ಅವಳ ಜೊತೆ ನನ್ನನ್ನು 'ಸಣ್ಣ ಮಕ್ಕಳ ಹೆಸರು ಬರೆದುಕೊಳ್ಳಲು' ಹಾಕಿದರು. ಮತ್ತೆ ನನ್ನ ಕೈಯಲ್ಲಿ ಒಂದು ವಹಿ. ಈ ಸಲ ಒತ್ತಾಯವಿಲ್ಲ, ಬೆದರಿಕೆಯಿಲ್ಲ, ಉಳಿಸುವ ಔಷಧ. ಹಾಗೆಂದು ಪ್ರತಿ ಬಾಗಿಲಲ್ಲಿ ಹೇಳಿದೆ. ಕೆಲವರು ಕೂಸನ್ನು ತಂದರು, ಹಲವರು ತರಲಿಲ್ಲ.

ಕಲಾಯಿಯವನ ಮನೆ ಬಂತು. ನರ್ಸಬಾಯಿಯನ್ನು ಬೀದಿಯಲ್ಲೇ ನಿಲ್ಲಿಸಿ ನಾನೊಬ್ಬಳೇ ಹೋದೆ. ಅಂಗಳದ ಹಗ್ಗದ ಮೇಲೆ ಕೂಸಿನ ಸಣ್ಣ ಕುಂಚಿಗೆ ಒಣಗುತ್ತಿತ್ತು. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ನನ್ನ ಕೈಯ ವಹಿಯನ್ನು ನೋಡಿದಳು, ಬೀದಿಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದಳು. 

"ನಾಯಿಕೆಮ್ಮಿನ ಸೂಜಿಬೇ. ಇದು ಬ್ಯಾರೆ. ನನ್ನ ಮಗಳಿಗೂ ಹಾಕಿಸೇನಿ" ಎಂದೆ. "ನಿನ್ನ ಕೂಸಿನ ಸಲುವಾಗಿ ಹೇಳಾಕತ್ತೇನಿ."

"ಈ ಮನ್ಯಾಗ ಕೂಸ ಇಲ್ರಿ ಅಕ್ಕೋರ."

ಒಳಗೆ ಯಾವುದೋ ಪಾತ್ರೆಯನ್ನು ಸಣ್ಣ ಕೈ ಬಡಿಯುತ್ತಿತ್ತು. ಬಡಿದು ಬಡಿದು ನಗುತ್ತಿತ್ತು. ಇಬ್ಬರಿಗೂ ಕೇಳುತ್ತಿತ್ತು. ನರ್ಸಬಾಯಿಯನ್ನು ಕರೆದು, ಒಳಗೆ ಮಗುವಿದೆ ಎಂದು ನಾನು ಹೇಳಬಹುದಿತ್ತು. ಒಳನುಗ್ಗಿ ಎತ್ತಿಕೊಂಡು ಬಂದು ಚುಚ್ಚಿಸಬಹುದಿತ್ತು. ಅದರ ಒಳ್ಳೆಯದಕ್ಕೇ.

"ಹಂಗ ಅನಬ್ಯಾಡ. ನಾ ನಿನಗ ಕೆಟ್ಟದ್ದ ಮಾಡ್ತೇನೇನ?" ಎಂದು ಕೇಳಿದೆ.

ಅವಳು ಎರಡೂ ಕೈ ಜೋಡಿಸಿದಳು. "ಇವರಿಗೆ ಮಕ್ಕಳಿಲ್ಲಂತ ಅವತ್ತ ನೀವ ಬರದ ಕೊಟ್ಟೀರೆಲ್ರಿ. ಇವತ್ತೂ ಹಂಗ ಬರೀರಿ. ನಿಮ್ಮ ಕಾಲ ಬೀಳ್ತೇನಿ."

ವಹಿ ತೆರೆದು, ಅವನ ಹೆಸರಿನ ಮುಂದೆ, ಮಕ್ಕಳಿಲ್ಲ ಎಂದು ಬರೆದು, ಅವಳಿಗೆ ಓದಲು ಬಾರದಿದ್ದರೂ ತೋರಿಸಿದೆ. ಅವಳು ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದಳು. ನರ್ಸಬಾಯಿ ಬೀದಿಯಿಂದಲೇ, "ಕೂಸ ಅದಾವೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ.

ಪಕ್ಕದ ಮನೆಗೆ ಹೋದೆವು. ಅಲ್ಲಿ ಎರಡು ವರ್ಷದ ಹುಡುಗ ತಾಯಿಯ ತೊಡೆಯ ಮೇಲೆ ಮಲಗಿ ಕೆಮ್ಮುತ್ತಿದ್ದ, ಉಸಿರು ಎಳೆದುಕೊಳ್ಳಲಾಗದೆ ತುಟಿ ನೀಲಿಯಾಗಿತ್ತು. ತಡವಾಯಿತು, ಇವನಿಗೆ ಈಗ ಸೂಜಿಯಿಂದ ಉಪಯೋಗವಿಲ್ಲ ಎಂದಳು ನರ್ಸಬಾಯಿ. ಆ ಮನೆಗೂ ಕಲಾಯಿಯವನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಆಚೆ ಕೂಸು ಇನ್ನೂ ಪಾತ್ರೆ ಬಡಿಯುತ್ತಿತ್ತು.